ಫ್ಯಾನು ನಿಲ್ಲಿಸಿದ ತಾರವ್ವ

ಪಾಲಬಾವಿಯ ತಾರವ್ವನ ಕಿವಿ ಚುರುಕು. ಹಿಂಡಿನಲ್ಲಿ ಯಾವ ಮರಿ ಕೆಮ್ಮಿತು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದಳು. ಆದರೆ ಯಾರಾದರೂ 'ಆಗುವುದಿಲ್ಲ' ಎಂದರೆ ಮಾತ್ರ ಆ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ವಯಸ್ಸು ಅರವತ್ತರ ಹತ್ತಿರ, ಮುಂದಿನ ಎರಡು ಹಲ್ಲು ಹೋಗಿವೆ, ನಗುವಿಗೆ ಅದರಿಂದ ಅಡ್ಡಿಯೇನೂ ಆಗಿಲ್ಲ. ಗಂಡ ಹಾಲಸಿದ್ದನದು ಚಿಂತೆಯ ಸ್ವಭಾವ. ಮೋಡ ಕಂಡರೆ ಮಳೆಯ ಚಿಂತೆ, ಕಾಣದಿದ್ದರೆ ಬಿಸಿಲಿನ ಚಿಂತೆ. ಇಬ್ಬರೂ ನಡೆಯಲು ಕಲಿತದ್ದೇ ಕುರಿಯ ಹಿಂದೆ.

ದೀಪಾವಳಿ ಮುಗಿದೊಡನೆ ಅವರ ಹಿಂಡು ಕೃಷ್ಣೆಯ ದಂಡೆಗೆ ಇಳಿಯುತ್ತಿತ್ತು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಮೊದಲ ಮಳೆಯ ಹೊತ್ತಿಗೆ ಊರಿಗೆ ಮರಳುವುದು ರೂಢಿ. ಮಳೆಗಾಲದಲ್ಲಿ ಕೆಳಗಿನ ಹೊಲಗಳ ತುಂಬ ಕಬ್ಬು, ಸೋಯಾ. ಕುರಿಗೆ ಕಾಲಿಡಲು ಜಾಗವಿಲ್ಲ. ಆಗ ಆಸರೆಯೆಂದರೆ ಊರ ಹಿಂದಿನ ಮರಡಿ ಎಂಬ ಕಲ್ಲುಗುಡ್ಡ, ಅದರಾಚೆ ದನಕರು ಮೇಯುವ ಗಾಯರಾಣ, ಅಲ್ಲಿಯ ನೀರಿನ ಹೊಂಡ.

ಈ ಸಲ ಬಂದು ನೋಡಿದರೆ ಮರಡಿಯ ಸುತ್ತ ತಂತಿ ಬೇಲಿ, ಮುಂದೊಂದು ಗೇಟು, ಒಳಗೆ ಕತ್ತೆತ್ತಿದರೆ ತಲೆ ತಿರುಗುವಷ್ಟು ಎತ್ತರದ ಐದು ಗಾಳಿ ಫ್ಯಾನುಗಳು. ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವರು ಸರ್ವೆ ಮಾಡಿದ್ದು ಹೋದ ವರ್ಷದ ಚಳಿಗಾಲದಲ್ಲಿ, ಫ್ಯಾನು ಎಬ್ಬಿಸಿದ್ದು ಈ ವರ್ಷದ ಚಳಿಗಾಲದಲ್ಲಿ. ಎರಡೂ ಸಲ ಮರಡಿಯ ಮೇಲೆ ಒಂದು ಕುರಿಯೂ ಇರಲಿಲ್ಲ, ಊರಲ್ಲಿ ಕುರಿಗಾರರೂ ಇರಲಿಲ್ಲ. 'ಉಪಯೋಗದಲ್ಲಿಲ್ಲದ ಜಾಗ' ಎಂದು ಬರೆದುಕೊಂಡು ಹೋದರು. ಮನೆಯವರು ಹೊಲಕ್ಕೆ ಹೋದಾಗ ಬಂದು, ಮನೆ ಪಾಳುಬಿದ್ದಿದೆ ಎಂದು ಬರೆದ ಹಾಗೆ. ಮರಡಿಯ ಬುಡದ ಮನೆಗಳಿಗೆ ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು ಬಂತು. ಕರೆಂಟು ಮಾತ್ರ ಮೊದಲಿನಂತೆಯೇ ಹೇಳದೆ ಕೇಳದೆ ಹೋಗುತ್ತಿತ್ತು.

ಹಾಲಸಿದ್ದ ಮೂರು ದಿನ ನೋಡಿದ. ಹಸಿದ ಕುರಿಗಳ ಕೂಗು ಕೇಳಲಾರದೆ ಏಕಸಂಬಿಯ ಕುರಿ ವ್ಯಾಪಾರಿ ದಾದಾಸಾಹೇಬನಿಗೆ ಫೋನು ಮಾಡಿಬಿಟ್ಟ.

"ನಾಳೆ ಗಾಡಿ ಬರ್ತೈತಿ. ಎಲ್ಲಾ ಕೊಟ್ಟ ಬಿಡೂಣು," ಎಂದ ಹೆಂಡತಿಗೆ.

ಕುರಿ ಹೋದರೆ ನಾಡಿದ್ದು ಬೆಳಿಗ್ಗೆ ಎದ್ದು ಎತ್ತ ಹೋಗಬೇಕು ಎಂಬುದೇ ತಾರವ್ವನಿಗೆ ತಿಳಿಯಲಿಲ್ಲ. "ಗಾಡಿ ಗೇಟಿಗೇ ಬರ್ಲಿ. ನಾನೂ ಹಿಂಡ ಹೊಡಕೊಂಡು ಅಲ್ಲೇ ಬರ್ತೀನ್ರಿ," ಎಂದಳು.

ಮರುದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬೆಳಿಗ್ಗೆ ಎಂಟಕ್ಕೆ ಇಡೀ ಹಿಂಡು ಗೇಟಿನ ಮುಂದೆ, ಅದರ ಹಿಂದೆ ದಾದಾಸಾಹೇಬನ ಗಾಡಿ, ಗಾಡಿಯ ಪಕ್ಕ ಹಾಲಸಿದ್ದ. ಸೈಟು ನೋಡಿಕೊಳ್ಳುವ ರೂಪೇಶ, ನಿಪ್ಪಾಣಿ ಕಡೆಯವನು, ಚಿಕ್ಕಮ್ಮನಿಗೆ ಮರಾಠಿಯ ಹಾಗೆ 'ಮಾವಶಿ' ಎನ್ನುವವನು, ಚಹಾದ ಕಪ್ಪು ಹಿಡಿದೇ ಹೊರಬಂದ. ಹೊಂಡಕ್ಕೆ ಹೋಗುವ ಕುರಿಯ ಹಾದಿ ಬಿಡಿ ಎಂದಳು ತಾರವ್ವ. ಅವನು ಮೊಬೈಲಿನಲ್ಲಿ ನಕಾಶೆ ತೋರಿಸಿದ.

"ಮಾವಶಿ, ಇದರಾಗ ಹಾದಿನ ಇಲ್ಲ. ಹಾದಿ ಇತ್ತು ಅನ್ನಾಕ ನಿಮ್ಮ ಕಡೆ ಪುರಾವೆ ಏನರ ಅದಾವೇನು?"

"ಅದಾವಲ್ರಿ, ನೂರಾ ಇಪ್ಪತ್ತು ಅದಾವ. ನಿಮ್ಮ ಮುಂದನ ನಿಂತಾವ ನೋಡ್ರಿ. ಗೇಟ್ ತಗೀರಿ. ನಾ ಇಲ್ಲೇ ಕುಂದರ್ತೀನಿ, ಯಾರೂ ಹೊಡಿಯೂದು ಬ್ಯಾಡ. ಅವು ಹ್ವಾದದ್ದ ಹಾದಿ."

ಕುರಿ ಚೆಲ್ಲಾಪಿಲ್ಲಿಯಾದರೆ ಜಗಳ ಅಲ್ಲಿಗೇ ಮುಗಿಯಿತು ಎಂದುಕೊಂಡು ರೂಪೇಶ ನಗುತ್ತ ಗೇಟು ತೆಗೆಸಿದ. ತಾರವ್ವ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಳು.

ಹಿಂಡಿಗೆ ದಾರಿ ತೋರುವ ಬೂದು ಬಣ್ಣದ ಮುದಿ ಆಡೊಂದು ಮುಂದಾಯಿತು, ಹಿಂಡು ಅದರ ಬೆನ್ನು ಹಿಡಿಯಿತು. ಐವತ್ತು ಹೆಜ್ಜೆ ಹೋಗಿ ಎಲ್ಲವೂ ಗಕ್ಕನೆ ನಿಂತವು. ಎಳೆಬಿಸಿಲಿಗೆ ಫ್ಯಾನಿನ ರೆಕ್ಕೆಯ ನೆರಳು ನೆಲದ ಮೇಲೆ ಬೀಸಿ ಬೀಸಿ ಹೋಗುತ್ತಿತ್ತು. ನೆರಳು ಬಂದಾಗಲೆಲ್ಲ ಹಿಂಡು ಬೆದರಿ ಹಿಂದೆ ಸರಿಯುತ್ತಿತ್ತು. ದಾದಾಸಾಹೇಬ ಎದ್ದು ಗಾಡಿಯ ಹಿಂಬಾಗಿಲು ಇಳಿಸಿದ. ತಾರವ್ವ ರೂಪೇಶನ ಕಡೆ ತಿರುಗಿದಳು.

"ಸಾಹೇಬ್ರ, ಆ ನೆರಳ ಒಂದೀಟು ನಿಲ್ಲಸ್ರಿ."

"ನೆರಳ ನಿಲ್ಲಬೇಕಂದ್ರ ಫ್ಯಾನ್ ನಿಲ್ಲಬೇಕು, ಮಾವಶಿ."

"ಹಂಗಾರ ಅದನ್ನ ನಿಲ್ಲಸ್ರಿ. ಇದರ ಸಲುವಾಗಿ ನಾವು ನಾಕ ದಿನ ನಿಂತೇವಿ. ಅದು ಹತ್ತ ಮಿನಿಟ್ ನಿಂತ್ರ ಏನಾಗ್ತೈತಿ?"

ರೂಪೇಶ ಚಹಾದ ಕಪ್ಪು ಕೆಳಗಿಟ್ಟ. ಕಂಟ್ರೋಲ್ ರೂಮಿಗೆ ಫೋನು ಹಚ್ಚಿದ. ಅತ್ತಕಡೆಯವನು ಕಾರಣ ಕೇಳಿದ. ರಿಪೇರಿ ಎನ್ನಲು ಬಾಯಿ ತೆರೆದವನು ತಾರವ್ವನ ಮುಖ ನೋಡಿ, "ಕುರಿ ದಾಟಬೇಕಾಗ್ಯಾವ," ಎಂದ. ಆತ ಮತ್ತೆ ಕೇಳಿದ, ಇವನು ಮತ್ತೆ ಅದನ್ನೇ ಹೇಳಿದ.

ರೆಕ್ಕೆ ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ನಿಂತಿತು. ಆಡು ಮೂಗು ಚಾಚಿ ನೆಲ ಮೂಸಿ ಹೆಜ್ಜೆ ಹಾಕಿತು. ಆಮೇಲೆ ನೋಡಬೇಕಿತ್ತು. ನೂರಿಪ್ಪತ್ತು ಕುರಿ ಒಂದರ ಹಿಂದೆ ಒಂದು, ಕಂಪನಿಯ ಜಲ್ಲಿ ರಸ್ತೆ ದಾಟಿ, ಕಾರೆಗಿಡದ ಎಡಕ್ಕೆ ಹೊರಳಿ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ನುಗ್ಗಿ ಮಾಯವಾದವು. ಹಿಂದೆಯೇ ಓಡಿದ ರೂಪೇಶ ಸಂದಿಯಲ್ಲಿ ಬಗ್ಗಿ ನೋಡಿದ. ಎಷ್ಟೋ ತಲೆಮಾರಿನ ಗೊರಸು ತಾಗಿ ಬಂಡೆ ಸವೆದು ನುಣುಪಾಗಿತ್ತು. ಅದರಾಚೆ ಹೊಂಡ, ಹೊಂಡದ ಸುತ್ತ ಕುರಿ. ಎಂಟು ತಿಂಗಳಿಂದ ಅಲ್ಲಿದ್ದೂ ಅವನು ಆ ನೀರನ್ನು ಕಂಡಿರಲಿಲ್ಲ. ಹತ್ತಾರು ಫೋಟೋ ಹೊಡೆದುಕೊಂಡು ಕೆಳಗಿಳಿದು ಬಂದ.

"ಮ್ಯಾಲಿನವ್ರಿಗೆ ಬರೀತೀನಿ ಮಾವಶಿ. ಉತ್ತರ ಬರೂತನಕ ಗೇಟ್ ತೆರದ ಇರ್ತೈತಿ. ಬಿಸಲಿದ್ದ ದಿನ ಮುಂಜಾನೆ ಹತ್ತ ಮಿನಿಟ್ ಫ್ಯಾನ್ ನಿಲ್ಲಸ್ತೀನಿ."

"ಉತ್ತರ ಬಂದ ಮ್ಯಾಲ?"

"ಅದು ನನ್ನ ಕೈಯಾಗಿನ ಮಾತಲ್ಲ."

ಕಂಪನಿಯ ಬೇಲಿಯೊಳಗೆ ಗಾಯರಾಣದ ಅರ್ಧ ಹೋಗಿಯೇ ಇತ್ತು, ಫ್ಯಾನಿನ ಸದ್ದೂ ಹೋಗುವಂಥದ್ದಲ್ಲ. ತಾರವ್ವನಿಗೆ ಇವೆಲ್ಲ ಗೊತ್ತಿತ್ತು. ಆದರೂ ಅವಳಿಗೆ ಆದ ಸಂತೋಷ ಸೆರಗಿನಲ್ಲಿ ಹಿಡಿಸುವಂತಿರಲಿಲ್ಲ.

ದಾದಾಸಾಹೇಬ ಇನ್ನೂ ನಿಂತೇ ಇದ್ದ. ಹಾಲಸಿದ್ದ ಹೆಂಡತಿಯ ಮುಖ ನೋಡಲಾರದೆ, "ಮಾತ ಕೊಟ್ಟೇನಿ, ಹಿಂಡ ತಿರುಗಿಸಿಕೊಂಡ ಬರ್ತೀನಿ," ಎಂದು ಮರಡಿ ಹತ್ತಿದ. ತಾರವ್ವನ ಕಣ್ಣು ಬಂಡೆಯ ಸಂದಿ ಬಿಟ್ಟು ಕದಲಲಿಲ್ಲ.

ಅರ್ಧ ತಾಸಾಯಿತು, ಒಂದು ತಾಸಾಯಿತು. ಹೋದವನ ಸುಳಿವಿಲ್ಲ. ದಾದಾಸಾಹೇಬ ಬೇಸತ್ತು ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಎಲ್ಲಿ ಅದೀರಿ ಹಾಲಸಿದ್ದಣ್ಣಾ?"

"ಇಲ್ಲೇ ಹೊಂಡದ ದಂಡಿಗೆ ಕುಂತೀನಿ. ಕುರಿ ಮೇಯಾಕತ್ತಾವ. ಹೆಂಗ ಎಬ್ಬಸ್ಲಿರಿ?"

"ಹಂಗಾರ ನಾಳೆ ಬರ್ಲ್ಯಾ?"

ಫೋನಿನಲ್ಲಿ ಬರೀ ಗಾಳಿಯ ಸದ್ದು, ಕುರಿ ಹುಲ್ಲು ಹರಿಯುವ ಸದ್ದು.

"ನಾಗರ ಪಂಚಮಿಗೆ ಬರ್ರಿ, ಗಾಡಿ ಬ್ಯಾಡ," ಎಂದ ಹಾಲಸಿದ್ದ, "ಮನ್ಯಾಗ ನಮ್ಮಾಕಿ ಶೇಂಗಾ ಉಂಡಿ ಮಾಡ್ತಾಳ. ತಿಂದ ಹೋಗೀರಂತ."