ನಿಡೋಣಿಯ ಗುಂಡುಗಲ್ಲು ಉರುಳಿದ್ದು

ನಾನು ನಿಂತಿದ್ದುದು ನಿಡೋಣಿಯ ನಮ್ಮ ಹೊಲದ ಮೇಲಿನ ಬದುವಿನ ಮೇಲೆ, ಗುಂಡುಗಲ್ಲಿನಿಂದ ಹತ್ತು ಹೆಜ್ಜೆ ದೂರ, ಅದರ ಎಡಕ್ಕೆ. ಎಷ್ಟೋ ವರ್ಷಗಳ ಹಿಂದೆ, ಯುಗಾದಿ ಮುಗಿದ ನಾಲ್ಕನೆಯ ದಿನ, ಮಧ್ಯಾಹ್ನ ಮೂರರ ಸುಮಾರು. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಊರವರು ಕೇಳಿದಾಗ ನಾನು ಹೇಳಿರಲಿಲ್ಲ.

ಇಂದು ಬೆಳಿಗ್ಗೆ ವಿಜಯಪುರದ ನಮ್ಮ ಓಣಿಯಲ್ಲಿ ಯಾರದೋ ಹೊಸ ಮನೆಗೆ ಕರಿಕಲ್ಲು ಕೊಯ್ಯುತ್ತಿದ್ದರು. ಸುಟ್ಟ ಕಲ್ಲಿನ ವಾಸನೆ ಕಿಟಕಿಯಿಂದ ಬಂತು. ಚಹಾದ ಕಪ್ಪು ಕೆಳಗಿಟ್ಟು ಕಿಟಕಿ ಮುಚ್ಚಿದೆ.

ಪರ ಊರಿನವರು ಈ ಕಲ್ಲನ್ನು ಗುಮ್ಮಟದಲ್ಲಿ, ಕೋಟೆಯ ಗೋಡೆಯಲ್ಲಿ ನೋಡಿ ಹೋಗುತ್ತಾರೆ. ಹೊಲದಲ್ಲಿ ಅದರ ರೀತಿಯೇ ಬೇರೆ. ಉಳ್ಳಾಗಡ್ಡಿಯಂತೆ ಪದರು ಪದರಾಗಿ ಸಿಪ್ಪೆ ಬಿಟ್ಟು, ನಡುವೆ ಒಂದು ಗುಂಡು ಉಳಿಯುತ್ತದೆ. ನಮ್ಮದು ಎರಡಾಳೆತ್ತರದ್ದು, ಗುಡ್ಡದ ಇಳಿಜಾರಿನಲ್ಲಿ ಕೂತಿತ್ತು. ಕುರಿ ಕಾಯುವವರು ಅದರ ಬುಡಕ್ಕೆ ಒಂದು ಚಕ್ಕೆ ಕಲ್ಲು ತುರುಕದೆ ಮುಂದೆ ಹೋಗುತ್ತಿರಲಿಲ್ಲ. ಎಷ್ಟೋ ತಲೆಮಾರಿನ ಚಕ್ಕೆಗಳು ಅಲ್ಲಿ ಬಿಗಿಯಾಗಿ ಕೂತಿದ್ದವು. ಸಾಲೆಯ ಮಾಸ್ತರನಾದ ನನಗೆ ಅದೊಂದು ನಗೆಯ ವಿಷಯ.

ಆ ವರ್ಷ ಬದುವಿಗೆ ಕಲ್ಲಿನ ಒಡ್ಡು ಹಾಕಿಸುತ್ತಿದ್ದೆ. ಕಲ್ಲು ಕಟ್ಟುವ ಭೀಮಪ್ಪ ದೊಡ್ಡ ಕಲ್ಲು ಕೂರಿಸುತ್ತಿದ್ದ, ಸಂದಿಗೆ ತುಂಬುವ ಚಕ್ಕೆ ತರುವುದು ನನ್ನ ಕೆಲಸ. ಹೊಲವೆಲ್ಲ ಅಲೆದರೂ ಬುಟ್ಟಿ ಅರ್ಧವೂ ತುಂಬುತ್ತಿರಲಿಲ್ಲ.

“ಮಾಸ್ತರ, ನೀವು ಪಾಠ ಹೇಳೂದರಾಗ ಜೋರ. ಕಲ್ಲ ಆರಿಸೂದರಾಗ ಒಂದನೇ ಕ್ಲಾಸಿಗೂ ಸೇರಿಲ್ಲ ನೋಡ್ರಿ,” ಎಂದ ಭೀಮಪ್ಪ.

ಅವಮಾನವಾಯಿತು. ಗುಂಡುಗಲ್ಲಿನ ಬುಡಕ್ಕೆ ಹೋದೆ. ಹೇಳಿ ಮಾಡಿಸಿದಂಥ ಚಕ್ಕೆಗಳು! ಹಾರೆಯಿಂದ ಮೀಟಿ ಮೂರು ಬುಟ್ಟಿ ತಂದು ಸುರಿದೆ. ಭೀಮಪ್ಪ ಒಂದನ್ನು ಕೈಯಲ್ಲಿ ತಿರುಗಿಸಿ, “ಎಲ್ಲಿಂದ ತಂದ್ರಿ?” ಎಂದ. ನಾನು ಹೇಳುವ ಮೊದಲೇ ಕೆಳಗಿನಿಂದ ಕೂಗು ಕೇಳಿತು.

ಕುರಿ ಕಾಯುವ ಮಾಳವ್ವ. ದಿನಾ ಗುಂಡುಗಲ್ಲಿನ ನೆರಳಿನಲ್ಲೇ ಕೂತು ಬುತ್ತಿ ಬಿಚ್ಚುವವಳು. ಅಂದು ಬಂದು ಕೂತವಳೇ ಬುಡ ಬರಿದಾದದ್ದು ಕಂಡು, ಬುತ್ತಿಯನ್ನು ಅಲ್ಲೇ ಬಿಟ್ಟು, ಬಡಿಗೆ ಎತ್ತಿಕೊಂಡು ನನ್ನ ಕಡೆ ಏರಿ ಬಂದಳು.

“ಲೇ ಮಾಸ್ತರ, ನಮ್ಮಪ್ಪ ಇಟ್ಟದ್ದು, ನಮ್ಮಜ್ಜ ಇಟ್ಟದ್ದು ಕಿತ್ತಗೊಂಡ ಬಂದೀಯಲ್ಲೋ! ನಿನ್ನ ಒಡ್ಡಿಗಿ ಬ್ಯಾರೆ ಕಲ್ಲ ಸಿಗಲಿಲ್ಲೇನ?”

“ಅದ್ಯಾಕ ಸಿಟ್ಟಾಗ್ತೀ ಬೇ, ಬರೇ ಚಕ್ಕಿ ಅವು.”

“ಬರೇ ಚಕ್ಕಿ ಅಂತ! ನಾಕ ಅಕ್ಷರ ಕಲತು...”

ಮಾತು ಮುಗಿಯಲಿಲ್ಲ. ಮೊದಲು ಹಲ್ಲು ಕಡಿದಂಥ ಸಣ್ಣ ಸದ್ದು. ಗುಂಡುಗಲ್ಲು ಅವಸರವಿಲ್ಲದೆ, ಮಲಗಿದ್ದ ಎಮ್ಮೆ ಏಳುವಂತೆ, ಮುಂದಕ್ಕೆ ವಾಲಿತು. ಆಮೇಲೆ ಉರುಳಿತು. ಕಾಲಡಿಯ ನೆಲ ಅದುರಿತು. ಕಲ್ಲು ಕೆಳಗಿನ ಹಳ್ಳಕ್ಕೆ ಬಿದ್ದಾಗ ಇದೇ ಸುಟ್ಟ ವಾಸನೆ ಮೇಲೆ ಬಂತು.

ಮಾಳವ್ವ ಬಡಿಗೆ ಎತ್ತಿದಂತೆಯೇ ನಿಂತಿದ್ದಳು. “ನನ್ನ ಬುತ್ತಿ ಅಲ್ಲೇ ಇತ್ತಲ್ಲೋ,” ಎಂದಳು. ನನ್ನನ್ನು ಬೈಯಲು ಏಳದೆ ಇದ್ದಿದ್ದರೆ ಅವಳೂ ಅಲ್ಲೇ ಇರುತ್ತಿದ್ದಳು.

ಸಂಜೆ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಕುರಿಗಳು ಬುಡ ಕೆದರಿ ಕಲ್ಲು ಉರುಳಿಸಿವೆ ಎಂದು ಒಬ್ಬ ಹೇಳಿದ. ಮಾಳವ್ವ, “ಮಾಸ್ತರ ಚಕ್ಕಿ ತಗದಾನ್ರಿ, ಅದಕ್ಕ ಉಳ್ಳೇತಿ,” ಎಂದಳು. ಎಲ್ಲರೂ ನಕ್ಕರು.

“ಹಿಡಿಯಷ್ಟ ಚಕ್ಕಿ ಅಂಥಾ ಕಲ್ಲ ಹಿಡದಿತ್ತೇನ ಬೇ? ಮಾಸ್ತರ, ನೀವ ಅಲ್ಲೇ ಇದ್ರಲ್ಲ, ಹೇಳ್ರಿ,” ಎಂದ ಹಿರಿಯರಲ್ಲೊಬ್ಬ.

“ನನಗ ಸರಿಯಾಗಿ ಕಾಣಲಿಲ್ರಿ,” ಎಂದೆ.

ಭೀಮಪ್ಪ ತನ್ನ ಕಾಲ ಬೆರಳು ನೋಡುತ್ತ ಕೂತ. ಆ ಗುಡ್ಡದಲ್ಲಿ ಮಾಳವ್ವನ ಕುರಿ ಮೇಯಬಾರದೆಂದು ತೀರ್ಮಾನವಾಯಿತು. ಮಳೆಗಾಲದೊಳಗೆ ಅವಳು ಹಿಂಡು ಮಾರಿ ಊರು ಬಿಟ್ಟಳು.

ನನಗೆ ಸರಿಯಾಗಿಯೇ ಕಂಡಿತ್ತು. ಹತ್ತು ಹೆಜ್ಜೆ ದೂರದಿಂದ, ಮೊದಲಿನಿಂದ ಕೊನೆಯವರೆಗೆ. ಕಂಡವರು ಮೂವರು. ಭೀಮಪ್ಪ ಹೋದ ವರ್ಷ ತೀರಿಕೊಂಡ. ನಾನಿದ್ದೇನೆ. ಮಾಳವ್ವ ಬಬಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಂದು ಅವಳು ಕಟ್ಟೆಯ ಮೇಲೆ ಹೇಳಿದ್ದೆಲ್ಲ ನಿಜ.