ತಿರುಪತಿ ರೈಲಿನಲ್ಲಿ ಅವ್ವನ ಕೌದಿ

ಹೋದ ವರ್ಷ ನಾನೂ ಅಕ್ಕನೂ ಅವ್ವನನ್ನು ತಿರುಪತಿಗೆ ಕರೆದುಕೊಂಡು ಹೋಗಿದ್ದೆವು. ಅವ್ವ ಎಸಿ ಬೋಗಿಯಲ್ಲಿ ಕೂತದ್ದು ಅದೇ ಮೊದಲು. ಗಣಿಯಲ್ಲಿ ದುಡಿಯಲು ಉಸಗಾಂವಕ್ಕೆ ಬಂದ ದಿನದಿಂದ ಅವಳ ಪ್ರಯಾಣವೆಲ್ಲ ಜನರಲ್ ಡಬ್ಬಿಯ ಬಾಗಿಲ ಬಳಿ, ಗಂಟಿನ ಮೇಲೆ ಕೂತು ಆದದ್ದು. ವಯಸ್ಸಾದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆಯೆಂದು ಯಾರೋ ಹೇಳಿದ್ದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಕಾದಳು. ಅವಳಿಗೆ ಆ ವಯಸ್ಸಾಗುವ ಹೊತ್ತಿಗೆ ಕೊರೊನಾ ಬಂದು ರಿಯಾಯಿತಿ ನಿಂತುಹೋಗಿತ್ತು.

“ನಾ ಮುದುಕಿ ಆಗೂದನ್ನ ಕಾಯ್ದು ನಿಲ್ಲಿಸಿದ್ರೇನು?” ಎಂದು ನಕ್ಕಳು.

ಸಾಮಾನು ಕಳುವಾಗುತ್ತದೆಂಬ ಭಯ ನನಗೆ. ಮ್ಹಾಪಸಾ ಸಂತೆಯಲ್ಲಿ ಸರಪಳಿ, ಬೀಗ ಕೊಂಡು ತಂದು ಸೂಟ್‌ಕೇಸನ್ನು ಸೀಟಿನ ಕಾಲಿಗೆ ಬಿಗಿದೆ.

“ಏನಪಾ, ಎಮ್ಮಿ ಕಟ್ಟಾಕತ್ತೀಯೇನು? ಹಿಂಡಾಕ ಚರಗಿನೂ ತಂದೀಯಿಲ್ಲೋ?” ಎಂದಳು ಅಕ್ಕ. ಎದುರು ಸೀಟಿನ ಪ್ರವಾಸಿಗರೂ ನಕ್ಕರು.

ಬೀಗ ಹಾಕದೆ ಬಿಟ್ಟದ್ದು ಒಂದೇ, ಅವ್ವನ ಕೌದಿ. ರೈಲಿನವರ ಕಂಬಳಿ ಯಾರ್ಯಾರೋ ಹೊದ್ದದ್ದೆಂದು ಅವಳು ತನ್ನದನ್ನೇ ತಂದಿದ್ದಳು. ಹಳೆಯ ಸೀರೆ, ಅಪ್ಪನ ಅಂಗಿಗಳನ್ನೆಲ್ಲ ಕೂಡಿಸಿ ಹೊಲಿದ ಕೌದಿ. ಹೊಲಿದು ಮುಗಿಸುವಾಗ, ಹಸಿದಿರಬಾರದೆಂದು, ಅದರ ಹೊಟ್ಟೆಯಲ್ಲಿ ರೊಟ್ಟಿಯ ಚೂರೊಂದನ್ನು ಇಟ್ಟಿದ್ದಳಂತೆ. ಅದರಲ್ಲೇ ನನ್ನ ತಮ್ಮನ ಅಂಗಿಯದೂ ಒಂದು ತುಂಡಿತ್ತು. ತಮ್ಮ ಉಸಗಾಂವದ ಶೆಡ್ಡಿನಲ್ಲಿ ಜ್ವರ ಬಂದು ಸತ್ತ. ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಅವನದೊಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ. ಅವನದೆಂದು ಉಳಿದದ್ದು ಆ ತುಂಡು ಬಟ್ಟೆ ಮಾತ್ರ.

ವಾಪಸು ಬರುವಾಗ, ಬೆಳಿಗ್ಗೆ, ಲೋಂಡಾ ದಾಟಿದ ಮೇಲೆ ಅವ್ವ ಎದ್ದು ಹಾಸಿಗೆಗಳನ್ನು ಮಡಚತೊಡಗಿದಳು. ಗಣಿ ಬಂದಾದ ಮೇಲೆ ಅವಳು ಲಾಡ್ಜೊಂದರಲ್ಲಿ ಪ್ರವಾಸಿಗರ ಹಾಸಿಗೆ ಎತ್ತಿ ಹಾಸುವ ಕೆಲಸ ಮಾಡಿದವಳು. ಮುದುಡಿ ಬಿದ್ದ ಚಾದರ ಕಂಡರೆ ಅವಳ ಕೈ ಸುಮ್ಮನಿರದು. ನಮ್ಮವನ್ನಷ್ಟೇ ಅಲ್ಲ, ಎದುರಿನವರ ಚಾದರ, ಕಂಬಳಿಗಳನ್ನೂ ಅಂಚಿಗೆ ಅಂಚು ಕೂಡಿಸಿ ಮಡಚಿ ಒಂದೇ ಅಟ್ಟಿ ಒಟ್ಟಿದಳು. ತನ್ನ ಕೌದಿಯನ್ನೂ ಅದೇ ಅಳತೆಗೆ ಮಡಚಿ ಅದರ ನಡುವೆ ಇಟ್ಟಳೋ, ಮೇಲೆ ಇಟ್ಟಳೋ, ನಾನು ನೋಡಲಿಲ್ಲ. ನೋಡಿದೆನೆಂದು ಎಷ್ಟೋ ಸಲ ಅನ್ನಿಸುತ್ತದೆ. ಆದರೆ ಅದು ಆಮೇಲೆ ನಾನೇ ಕಟ್ಟಿಕೊಂಡ ಚಿತ್ರವಿರಬೇಕು.

ಹಾಸಿಗೆ ಕೊಡುವ ಹುಡುಗ ಗದಗದ ಕಡೆಯವನು. ಅಟ್ಟಿ ನೋಡಿ ಹಿಗ್ಗಿದ. “ಯವ್ವಾ, ಎಲ್ಲಾರೂ ಹಿಂಗ ಮಡಚಿಟ್ರ ನಂದು ಅರ್ಧಾ ಕೆಲಸ ಹಗುರ ನೋಡ್ರಿ.”

“ನಂಗೊತ್ತಪಾ ಆ ನಡಾ ನೋವು,” ಎಂದಳು ಅವ್ವ.

ಅಷ್ಟರಲ್ಲಿ ದೂಧಸಾಗರ ಬಂತೆಂದು ಯಾರೋ ಕೂಗಿದರು. ಬೋಗಿಗೆ ಬೋಗಿಯೇ ಬಾಗಿಲಿಗೆ ನುಗ್ಗಿತು. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ಬಾಗಿಲಲ್ಲಿ ನಿಂತವರ ಹಿಂದೆ ಗಂಟು ಕಾಯುತ್ತ ಕೂತ ಅವ್ವ ಆ ಜಲಪಾತವನ್ನು ಸರಿಯಾಗಿ ಕಂಡಿರಲಿಲ್ಲ. ಮೂವರೂ ಹೋಗಿ ನಿಂತೆವು. ಅವಳು ಬಾಯಿ ತೆರೆದುಕೊಂಡು ನೋಡಿದಳು.

ಅಕ್ಕನ ಮನೆ ವಾಸ್ಕೊದಲ್ಲಿ. ಅಲ್ಲಿಗೆ ಹೋಗಿ ಊಟ ಮಾಡಿ, ಸ್ವಲ್ಪ ಅಡ್ಡಾಗುತ್ತೇನೆಂದು ಅವ್ವ ಚೀಲಕ್ಕೆ ಕೈ ಹಾಕಿದಾಗಲೇ ಕೌದಿ ಇಲ್ಲವೆಂದು ಗೊತ್ತಾದದ್ದು. ಆಟೊ ಹಿಡಿದು ಸ್ಟೇಷನ್ನಿಗೆ ಓಡಿದೆವು. ಹುಡುಗ ಪ್ಲಾಟ್‌ಫಾರ್ಮಿನ ತುದಿಯ ಕೋಣೆಯಲ್ಲಿ ಸಿಕ್ಕ. ಹಾಸಿಗೆಯ ಮೂಟೆಗಳಲ್ಲಿ ಅರ್ಧ ಆಗಲೇ ತೊಳೆಯಲು ಗಾಡಿ ಹತ್ತಿ ಹೋಗಿದ್ದವು. ಅವನ ಮುಖ ಸಣ್ಣದಾಯಿತು.

“ಉಳದದ್ದು ಬಿಚ್ಚಿ ನೋಡೂಣ್ರಿ. ಗುರ್ತು ಹೇಳ್ರಿ, ಯಾವ ಬಣ್ಣದ್ದು?”

“ತಮ್ಮನ ಅಂಗೀದು, ಹಳದಿ ತುಂಡು ಐತ್ರಿ ಒಂದು,” ಎಂದಳು ಅಕ್ಕ.

“ಹಳದಿ ಅಲ್ಲ, ಚೌಕಡಿ. ನೀಲಿ ಚೌಕಡಿ,” ಎಂದೆ ನಾನು.

“ಏ, ಹಳದಿನೋ! ನನ್ನ ಕಣ್ಣಾಗ ಕಟ್ಟಿದಂಗೈತಿ.”

“ನನಗೂ ಕಟ್ಟಿದಂಗೈತಿ.”

ಅವ್ವ ನಮ್ಮಿಬ್ಬರನ್ನೂ ನೋಡಿದಳು. “ಬಣ್ಣಾ ಎಲ್ಲೈತಿ ಈಗ? ತೊಳದು ತೊಳದು ಹೋಗಿ ಯಾವ ಕಾಲ ಆತು. ಕಿಸೆ ಐತಿ ಅದಕ್ಕ. ಅಂಗಿ ಕಿಸೆ ಕತ್ತರಿಸಲಿಲ್ಲ ನಾ, ಹಂಗ ಬಿಟ್ಟು ಹೊಲದೇನಿ.”

ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಬಾಲ್ಯವೆಲ್ಲ ಆ ಕೌದಿಯ ಕೆಳಗೇ ಮಲಗಿದ್ದೆವು. ಕಿಸೆ ಇದ್ದದ್ದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

“ಎರಡ ಬಟ್ಟು ಹಿಡಿಸತಾವ ಅದರಾಗ,” ಎಂದು ಅವ್ವ ಹುಡುಗನಿಗೆ ಬೆರಳು ತೋರಿಸಿದಳು. “ಹಂಗ ಇಟಗೊಂಡ ಮಲಗತಿದ್ನೆಪಾ.”

ಹುಡುಗ ಒಂದೊಂದೇ ಮೂಟೆ ಸುರಿದ. ಅವ್ವ ನೆಲಕ್ಕೆ ಕೂತು ಕಣ್ಣಿಂದಲ್ಲ, ಕೈಯಿಂದ ಹುಡುಕಿದಳು. ಬಿಳಿ ಚಾದರ, ಕಂದು ಕಂಬಳಿ, ಮತ್ತೆ ಬಿಳಿ ಚಾದರ. ಕಡೆಯ ಮೂಟೆಯೂ ಮುಗಿದಾಗ, ಸುರಿದದ್ದನ್ನೆಲ್ಲ ಮಡಚತೊಡಗಿದಳು. “ಬಿಡ್ರಿ ಯವ್ವಾ, ಬಿಡ್ರಿ,” ಎಂದು ಹುಡುಗ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟ. ಮಾರನೆಯ ದಿನ ಬಟ್ಟೆ ತೊಳೆಯುವಲ್ಲಿಗೂ ತಾನೇ ಹೋಗಿ ಕೇಳಿ ಬಂದ. ಅಲ್ಲೂ ಇರಲಿಲ್ಲ.

ಉಸಗಾಂವಕ್ಕೆ ಮರಳಿದ ಮೇಲೆ ಅವ್ವ ಅದರ ಮಾತೆತ್ತಲಿಲ್ಲ. ಹೊಸ ರಗ್ಗು ತಂದುಕೊಟ್ಟೆ. ಭಾಳ ಚಲೋ ಐತಿ ಎಂದು ಮಡಚಿ ಇಟ್ಟಳು. ಒಂದು ಸಂಜೆ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು:

“ಅವನ ಅಂಗಿ ಯಾವ ಬಣ್ಣ ಅಂದಿ ನೀ ಅವತ್ತು?”

ಅವಳಿಗೂ ನೆನಪಿರಲಿಲ್ಲ. ಕೈಗೆ ಕಿಸೆ ಸಿಗುತ್ತಿದ್ದಷ್ಟು ಕಾಲ ಬಣ್ಣದ ನೆನಪು ಅವಳಿಗೆ ಬೇಕಾಗಿರಲಿಲ್ಲ. ಗೊತ್ತಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಓದು ನನಗೆ ಕಲಿಸಿದ್ದೂ ಅದನ್ನೇ. ಆದರೆ ಅವಳು ಅಕ್ಕಿಯಲ್ಲಿ ಬೆರಳಿಟ್ಟು ಕಾಯುತ್ತಿದ್ದಳು. ಅಕ್ಕನೂ ನಾನೂ ಬೇರೆ ಬೇರೆ ಹೇಳಿದರೆ ಅವಳಿಗೆ ಆ ಮಗ ನೆನಪಾಗಿಯೂ ಉಳಿಯುವುದಿಲ್ಲ ಅನ್ನಿಸಿತು.

“ಹಳದಿ ಅವ್ವಾ,” ಎಂದೆ. “ಅಕ್ಕ ಅಂದದ್ದ ಖರೇ.”

“ಹೌದು, ಹಳದಿ,” ಎಂದಳು. ಮೊರವನ್ನು ಮೆಲ್ಲಗೆ ಅಲುಗಿಸಿದಳು. “ಹಳದಿನ ಇತ್ತು.”

ಈಗ ತಮ್ಮನನ್ನು ನೆನೆದರೆ ಶೆಡ್ಡಿನ ಬಾಗಿಲಲ್ಲಿ ಹಳದಿ ಅಂಗಿಯ ಮಗುವೊಂದು ನಿಂತಿರುತ್ತದೆ. ಅದರ ಮುಖ ಸ್ಪಷ್ಟವಿಲ್ಲ. ಕಣ್ಣು ಮುಚ್ಚಿ ನೀಲಿ ಚೌಕಡಿಯನ್ನು ಕರೆಯುತ್ತೇನೆ. ಬರುವುದಿಲ್ಲ.