ಗೋಡೆಯೊಳಗಿನ ಬಾಗಿಲು

ಬಾಗಿಲು ಹಾಕಿಕೊಳ್ಳುವುದು ನನಗೆ ಬಹಳ ತಡವಾಗಿ ಬಂದ ವಿದ್ಯೆ. ನಗಬೇಡಿ. ಬಳ್ಳಾರಿಯ ನಮ್ಮ ಓಣಿಯಲ್ಲಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ಬೆಳಗ್ಗೆ ಕಸ ಗುಡಿಸುವಾಗ ತೆರೆದ ಬಾಗಿಲು ರಾತ್ರಿ ಮಲಗುವ ತನಕ ತೆರೆದೇ ಇರಬೇಕು. ಹಗಲಿನಲ್ಲಿ ಯಾರದಾದರೂ ಬಾಗಿಲು ಮುಚ್ಚಿತ್ತೆಂದರೆ ಅವರು ಊರಲ್ಲಿಲ್ಲ, ಇಲ್ಲವೇ ಯಾರಿಗೋ ಮೈ ಸರಿಯಿಲ್ಲ, ಇಲ್ಲವೇ ಗಂಡ ಹೆಂಡಿರ ಜಗಳ. ಯಾವುದೆಂದು ತಿಳಿದುಕೊಳ್ಳಲು ಎದುರು ಮನೆಯವರು ಬಂದು ಬಾಗಿಲು ಬಡಿಯುವುದಂತೂ ಖಾತ್ರಿ. ದೀಪ ಹಚ್ಚುವ ಹೊತ್ತಿನಲ್ಲಿ ಮುಚ್ಚುವ ಮಾತೇ ಇಲ್ಲ. ಲಕ್ಷ್ಮಿ ಬಂದು ತಿರುಗಿ ಹೋದರೆ ಯಾರು ಹೊಣೆ? ನಮ್ಮ ಮನೆಗೆ ಲಕ್ಷ್ಮಿ ಬಂದದ್ದನ್ನು ನಾನು ನೋಡಿಲ್ಲ. ಬಂದವರೆಲ್ಲ ನೆಂಟರು.

ಹಾಗೆ ಬಂದವರಲ್ಲಿ ನಮ್ಮ ನೀಲಮ್ಮತ್ತೆಯೂ ಒಬ್ಬರು. ನಮ್ಮಪ್ಪನ ತಂಗಿ. ಸಿರುಗುಪ್ಪದ ಅಕ್ಕಿ ಗಿರಣಿಯ ಮನೆತನಕ್ಕೆ ಕೊಟ್ಟಿದ್ದರು. ಎಪ್ಪತ್ತರ ದಶಕದಲ್ಲಿ ಮಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅತ್ತೆಯನ್ನು ನಾವು ಕರೆದುಕೊಂಡು ಬಂದೆವು. ನಾನು ಆಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆ ಚಿಕ್ಕದು. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ನಿಂತಿದ್ದವು. ನಡುಮನೆಯ ಪಕ್ಕಕ್ಕೆ ಜೋಳದ ಚೀಲ ಇಡುತ್ತಿದ್ದ ಒಂದು ಸಣ್ಣ ಕೋಣೆ. ಚೀಲಗಳಿಗೆ ಬಾಗಿಲು ಯಾಕೆ ಬೇಕೆಂದು ಕಟ್ಟಿದವರು ಅದಕ್ಕೆ ಬಾಗಿಲೇ ಇಟ್ಟಿರಲಿಲ್ಲ. ಚೀಲಗಳನ್ನು ಅಟ್ಟಕ್ಕೆ ಏರಿಸಿ, ಅತ್ತೆಗೆ ಅಲ್ಲಿ ಮಂಚ ಹಾಕಿಸಿ, ದೊಡ್ಡ ಉಪಕಾರ ಮಾಡಿದವನಂತೆ ನಾನು ಓಡಾಡಿಕೊಂಡಿದ್ದೆ.

ನನ್ನ ಹೆಂಡತಿ ಶಾಂತಾ ಮಾತ್ರ ಬೇರೆ ಏನನ್ನೋ ನೋಡಿದ್ದಳು. ಅತ್ತೆ ಬೆಳಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡುವ ಹೊತ್ತಿಗೇ ನಮ್ಮ ಮನೆಯ ಸಂತೆ ನೆರೆಯುತ್ತಿತ್ತು. ಹಾಲಿನವನು, ಸ್ಲೇಟು ಹುಡುಕುವ ಮಕ್ಕಳು, ಸಾಕ್ಸು ಹುಡುಕುವ ನಾನು. ಎಲ್ಲರೂ ಆ ಕೋಣೆಯೊಳಗೆ ಒಮ್ಮೆ ಇಣುಕುವವರೇ. ಅತ್ತೆ ಗೋಡೆಯ ಕಡೆ ಮುಖ ಮಾಡಿ, ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಂಡು, ಅದರ ನೆರಳಲ್ಲೇ ಪೂಜೆ ಮುಗಿಸುತ್ತಿದ್ದರು. ಸಿರುಗುಪ್ಪದಲ್ಲಿಯೂ ಹೀಗೇ ಅಂತೆ. ಮಾವ ಮಂದಿಯ ಮನುಷ್ಯ. ಗಿರಣಿಗೆ ಭತ್ತ ತಂದ ದೇಶನೂರಿನ ರೈತರಿಂದ ಹಿಡಿದು ಲಾರಿ ಡ್ರೈವರುಗಳ ತನಕ ಎಲ್ಲರೂ ಮನೆಯ ಎಲ್ಲ ಕೋಣೆಗಳಲ್ಲೂ ಕೂತಿರುತ್ತಿದ್ದರಂತೆ. ಮದುವೆಯಾಗಿ ಹೋದ ದಿನದಿಂದ ತನ್ನದು ಅನ್ನುವ ಒಂದು ಮೂಲೆ ಅತ್ತೆಗೆ ಸಿಕ್ಕಿರಲಿಲ್ಲ. ಇದನ್ನೆಲ್ಲ ಅವರು ದೂರಿನಂತೆ ಹೇಳಿರಲಿಲ್ಲ. ಶಾಂತಾ ಬೇಳೆ ಆರಿಸುತ್ತ, ಮೆಂತ್ಯದ ಸೊಪ್ಪು ಬಿಡಿಸುತ್ತ ಒಂದೊಂದೇ ಮಾತು ಕೇಳಿ ತಿಳಿದುಕೊಂಡಿದ್ದಳು.

“ಅವರಿಗೊಂದು ಬಾಗಲಾ ಹಾಕಸ್ರಿ. ಇನ್ನೇನೂ ಬ್ಯಾಡ,” ಅಂದಳು.

ಬಾಗಿಲು ಹಾಕಿಸುವುದು ಸುಲಭವೆಂದು ತಿಳಿದವರು ಬಾಗಿಲು ಹಾಕಿಸಿದವರಲ್ಲ. ಒಳಕ್ಕೆ ತೆರೆದರೆ ಮಂಚಕ್ಕೆ ಬಡಿಯುತ್ತದೆ. ಹೊರಕ್ಕೆ ತೆರೆದರೆ ಶಾಂತಾಳ ಹೊಲಿಗೆ ಮಿಷನ್ನಿಗೆ ಬಡಿದು ಅಡುಗೆಮನೆಯ ದಾರಿಯನ್ನೇ ಕಟ್ಟುತ್ತದೆ. ಪರದೆ ಹಾಕಿ ನೋಡಿದೆವು. ನಮ್ಮ ಮಕ್ಕಳು ಅದನ್ನು ಕೈ ಒರೆಸುವ ಬಟ್ಟೆಯೆಂದು ತಿಳಿದರು. ಕ್ಷೌರದಂಗಡಿಯಲ್ಲಿ ಇರುತ್ತದಲ್ಲ, ಆ ಥರದ ಅರ್ಧಬಾಗಿಲು ಹಾಕಿದರೆ ಹೇಗೆಂದು ನಾನು ಕೇಳಿದೆ. ಶಾಂತಾ ಎದ್ದು ಅಡುಗೆಮನೆಗೆ ಹೋದಳು.

ಉಪಾಯ ಹೊಳೆದದ್ದು ರೈಲ್ವೆ ಸ್ಟೇಷನ್ನಿನಲ್ಲಿ. ನಮ್ಮ ಹೆಡ್‌ಮಾಸ್ಟರರ ಬೀಗರನ್ನು ಹತ್ತಿಸಲು ಹೋದಾಗ ಮೊದಲ ದರ್ಜೆಯ ಡಬ್ಬಿಯೊಳಗೆ ಕಾಲಿಡುವ ಭಾಗ್ಯ ಸಿಕ್ಕಿತು. ಆ ದರ್ಜೆಯಲ್ಲಿ ನಾನು ಮಾಡಿದ ಪ್ರಯಾಣವೆಂದರೆ ಬಾಗಿಲಿನಿಂದ ಸೀಟಿನ ತನಕ, ತಲೆಯ ಮೇಲೆ ಅವರ ಹಾಸಿಗೆ ಹೊತ್ತುಕೊಂಡು. ಅಲ್ಲಿ ಒಂದು ಬಾಗಿಲು ಮುಂದಕ್ಕೂ ಬರದೆ ಹಿಂದಕ್ಕೂ ಹೋಗದೆ ಸೀದಾ ಗೋಡೆಯೊಳಗೆ ಸರಿದು ಮಾಯವಾಯಿತು. ಬೀಗರಿಗೆ ಹೋಗಿ ಬನ್ನಿ ಅನ್ನುವುದನ್ನೂ ಮರೆತು, ನಾನು ಅದನ್ನು ಎಳೆಯುತ್ತ ನೂಕುತ್ತ ನಿಂತುಬಿಟ್ಟೆ.

ಕುರುಗೋಡಿನ ಬಡಗಿ ಮೌನೇಶಪ್ಪ ನಮ್ಮ ಮನೆಯ ಕಿಟಕಿ ಮಂಚಗಳನ್ನೆಲ್ಲ ಮಾಡಿದವನು. ಹೆಸರಿಗೆ ಮಾತ್ರ ಮೌನ. ಗೋಡೆಯೊಳಗೆ ಹೋಗುವ ಬಾಗಿಲು ಬೇಕೆಂದಾಗ, ಮನೆಗೆ ರೈಲಿನ ಬಾಗಿಲು ಹಾಕಿದರೆ ಬಂದ ನೆಂಟರು ಇಳಿಯುವುದೇ ಇಲ್ಲ ಅಂದ. ನಮ್ಮದು ಕಲ್ಲು ಮಣ್ಣಿನ ಹಳೇ ಗೋಡೆ. ಅದನ್ನು ಕೊರೆದರೆ ಬಾಗಿಲಿನ ಬದಲು ಬಯಲೇ ಆಗುತ್ತಿತ್ತು. ಅದಕ್ಕೆ ಕೋಣೆಯ ಒಳಮಗ್ಗುಲಿಗೆ ಹಲಗೆಯ ಇನ್ನೊಂದು ಗೋಡೆ ನಿಲ್ಲಿಸಿ, ಎರಡರ ನಡುವಿನ ಸಂದಿಯಲ್ಲಿ ಬಾಗಿಲು ಸರಿದು ಕೂಡುವಂತೆ ಮಾಡೋಣವೆಂದ. ಮೇಲೆ ಕಂಬಿ, ಕಂಬಿಯ ಮೇಲೆ ಗಾಲಿ. ಗಾಲಿ ಎಲ್ಲಿಂದ ತರುವುದು? ಬಳ್ಳಾರಿಯ ಅಂಗಡಿಗಳಲ್ಲಿ ಕೇಳಿದರೆ ನನ್ನನ್ನೇ ಮೇಲೆ ಕೆಳಗೆ ನೋಡಿದರು. ಆಗ ಸಿರುಗುಪ್ಪದ ಗಿರಣಿಯ ಗೋದಾಮಿನಲ್ಲಿ ಗಾಲಿಯ ಮೇಲೆ ಸರಿಯುತ್ತಿದ್ದ ಬಾಗಿಲು ನೆನಪಾಯಿತು. ಬಸ್ಸು ಹತ್ತಿ ಹೋದೆ. ಮಾವನ ತಮ್ಮ ಸಂತೋಷದಿಂದ ಹಳೇ ಗಾಲಿಗಳನ್ನು ಬಿಚ್ಚಿಸಿ ಕೊಟ್ಟರು. ಜೊತೆಗೆ, ಅತ್ತಿಗೆಯ ಕೋಣೆಯಲ್ಲಿರಲಿ ಎಂದು, ಮಾವನ ದೊಡ್ಡ ಫೋಟೋವನ್ನೂ ಗೋಣಿಚೀಲದಲ್ಲಿ ಸುತ್ತಿ ಕೊಟ್ಟರು. ಗಾಜು, ತೇಗದ ಚೌಕಟ್ಟು ಸೇರಿ ಅದು ಗಾಲಿಗಳಿಗಿಂತ ಭಾರವಾಗಿತ್ತು.

ಬಾಗಿಲು ಸಿದ್ಧವಾಗುತ್ತಿದ್ದಾಗ ಅತ್ತೆ ಕೇಳಿದ್ದು ಒಂದೇ: ಒಳಗಿನಿಂದ ಕೊಂಡಿ ಹಾಕಿಕೊಳ್ಳಲು ಬರುತ್ತದೆಯೇ? ಮೌನೇಶಪ್ಪ ಹಿತ್ತಾಳೆಯ ಕೊಂಡಿಯನ್ನೇ ಹಾಕಿದ. ಶುಕ್ರವಾರ ಕಾಯಿ ಒಡೆದು, ಬಾಗಿಲಿಗೆ ವಿಭೂತಿ ಹಚ್ಚಿದೆವು. ಬಾಗಿಲು ಒಳಗೆ ಹೋಗಿ ಬರುವುದರೊಳಗೆ ವಿಭೂತಿಯನ್ನು ಗೋಡೆಯೇ ಒರೆಸಿಕೊಂಡಿತ್ತು. ಶಾಂತಾ ಮತ್ತೆ ಚೌಕಟ್ಟಿಗೆ ಹಚ್ಚಿದಳು.

ಹೊಸ ಬಾಗಿಲಿನಿಂದ ಮನೆಯ ನಡವಳಿಕೆಯೇ ಬದಲಾಗುತ್ತದೆ ನೋಡಿ. ಸಾಮಾನ್ಯ ಬಾಗಿಲಿಗೆ ಒಂದು ಹಿಂಬದಿ ಇರುತ್ತದೆ. ಕಸಬರಿಗೆ, ಕೊಡೆ, ಪೆಟ್ಟು ತಪ್ಪಿಸಿಕೊಂಡ ಮಕ್ಕಳು, ಎಲ್ಲರ ವಾಸ ಅಲ್ಲಿ. ಈ ಬಾಗಿಲಿಗೆ ಹಿಂಬದಿಯೇ ಇಲ್ಲ. ಸಿಟ್ಟು ಬಂದಾಗ ದಢಾರನೆ ಹಾಕಲೂ ಬರುವುದಿಲ್ಲ. ಎಷ್ಟೇ ರೋಷದಿಂದ ಎಳೆದರೂ ಅದು ಗಡಗಡ ಎಂದು ತನ್ನ ಹದದಲ್ಲೇ ಬರುತ್ತದೆ, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಇಂಥದ್ದನ್ನು ಮದುವೆಯಲ್ಲಿ ಬಳುವಳಿಯಾಗಿ ಕೊಡಬೇಕೆಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಅತ್ತೆಯ ಬಾಗಿಲು ಬೆಳಗ್ಗೆ ಮುಚ್ಚುತ್ತಿತ್ತು, ಪೂಜೆಯಾದ ಮೇಲೆ ತೆರೆಯುತ್ತಿತ್ತು. ಹೊರಗೆ ಬಂದ ಅವರ ಮುಖದಲ್ಲಿ ನಿದ್ದೆ ತುಂಬಿ ಎದ್ದವರ ಕಳೆ ಇರುತ್ತಿತ್ತು. ನನಗೆ ಬಹಳ ಸಮಾಧಾನವಾಗಿತ್ತು.

ಉಳಿದದ್ದು ಫೋಟೋ. ಗಂಡ ಹೋದ ಹೆಂಗಸಿನ ಕೋಣೆಯಲ್ಲಿ ಗಂಡನ ಫೋಟೋ ಇರಬೇಕಾದ್ದು ಇರಬೇಕು. ಅದನ್ನು ಯಾರೂ ಯಾರಿಗೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ. ಹಳೇ ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ, ಮಣ್ಣನ್ನೂ ಕರೆದುಕೊಂಡು ಕೆಳಗೆ ಬೀಳುತ್ತದೆ. ಹಲಗೆಯ ಹೊಸ ಗೋಡೆಯಂತೂ ಮೊಳೆಗೆಂದೇ ನಿಂತ ಹಾಗಿತ್ತು, ಮಂಚಕ್ಕೆ ಎದುರಾಗಿ. ಮೌನೇಶಪ್ಪ ಭಾರ ನೋಡಿ ಉದ್ದನೆಯ ಮೊಳೆಯನ್ನೇ ಆರಿಸಿದ. ನಾನು ದೂರ ನಿಂತು ಬಲಕ್ಕೆ, ಎಡಕ್ಕೆ ಎಂದೆ. ಶಾಂತಾ ಇನ್ನೂ ಸ್ವಲ್ಪ ಮೇಲೆ ಎಂದಳು. ಆ ಸಂದಿಯನ್ನು ಮಾಡಿದವನು, ಮಾಡಿಸಿದವನು, ಮಾಡಿಸಲು ಹೇಳಿದವಳು, ಮೂವರೂ ಅಲ್ಲೇ ಇದ್ದೆವು. ಆದರೆ ಬಾಗಿಲು ಒಳಗೆ ಹೋಗಿ ಕೂತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ನಮ್ಮ ಕಡೆಯವರಿಗೆ ಹೊಸ ಗೋಡೆ ಕಂಡರೆ ಹಿರಿಯರ ಫೋಟೋ ಒಂದೇ ನೆನಪಾಗುವುದು. ಮೊಳೆ ಗಟ್ಟಿಯಾಗಿ ಕೂತಿತು. ಮಾವನಿಗೆ ಹಾರ ಹಾಕಿ ಕೈ ಮುಗಿದೆವು.

ಕೆಲವು ದಿನಗಳಾದ ಮೇಲೆ ಶಾಂತಾ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಅತ್ತಿಯವರು ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಕುಂದ್ರಾಕ ಹತ್ಯಾರ.”

ಹೋಗಿ ಬಾಗಿಲು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದರೂ ಬರಲಿಲ್ಲ. ಫೋಟೋ ಹಾಕಿದ ಸಂಜೆಯಿಂದಲೇ ಹೀಗಾಗಿದೆಯಂತೆ, ನಮಗೆ ಮತ್ತೆ ತೊಂದರೆ ಯಾಕೆಂದು ಅತ್ತೆ ಸುಮ್ಮನಿದ್ದರಂತೆ. ಮೌನೇಶಪ್ಪ ಬಂದು ಗಾಲಿಗೆ ಎಣ್ಣೆ ಬಿಟ್ಟ, ಕಂಬಿ ತಟ್ಟಿದ, ಮರ ಉಬ್ಬಿದೆ ಎಂದ. ಆ ಬಿಸಿಲಿನಲ್ಲಿ ಮರವೇನು, ಬಳ್ಳಾರಿಯಲ್ಲಿ ಯಾವುದೂ ಉಬ್ಬುವುದಿಲ್ಲ. ಕೊನೆಗೆ ಅವನ ಕಣ್ಣು ಫೋಟೋದ ಮೇಲೆ ಹೋಗಿ ನಿಂತಿತು. ಅವನ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಉದ್ದನೆಯ ಮೊಳೆ ಹಲಗೆಯನ್ನು ದಾಟಿ, ಒಳಗಿದ್ದ ಬಾಗಿಲಿನೊಳಗೆ ಇಳಿದು, ಅದನ್ನು ಅಲ್ಲೇ ಹಿಡಿದು ಕೂಡಿಸಿತ್ತು.

ಗಿಡ್ಡ ಮೊಳೆ ಆ ಭಾರವನ್ನು ತಡೆಯುತ್ತಿರಲಿಲ್ಲ. ಒಂದೋ ಫೋಟೋ ಇಳಿಸಬೇಕು, ಇಲ್ಲವೇ ಬಾಗಿಲು ಬಿಡಬೇಕು. ತೀರಿಹೋದ ಗಂಡನನ್ನು ಹೆಂಡತಿಯ ಎದುರಿನಿಂದ ಇಳಿಸೋಣವೆಂದು ಬಾಯಿಬಿಟ್ಟು ಹೇಳುವವರು ಯಾರು? ನಾನು ಪರದೆಯನ್ನೇ ಇನ್ನೊಮ್ಮೆ ನೋಡೋಣ, ಈ ಸಲ ದಪ್ಪನೆಯದು ತರುತ್ತೇನೆ ಅಂದೆ. ಆ ಮಾತು ಆಡುವಾಗ ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮಂಚದ ಮೇಲೆ ಕೂತಿದ್ದ ಅತ್ತೆ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದರು. ಆ ನೋಟದಲ್ಲಿ ಮುನಿಸಿರಲಿಲ್ಲ.

“ಮೊಳಿ ಕೀಳಾಕ ಹೇಳು ತಮ್ಮಾ. ನಿಮ್ಮ ಮಾವನ್ನ ಪಡಸಾಲ್ಯಾಗಿನ ಕಂಬಕ್ಕ ಹಾಕು. ಭಾಳ ಒಳ್ಳೇ ಮನುಷ್ಯಾರು, ಆದ್ರ ಅವರಿಗಿ ಮಂದಿ ಬೇಕು.” ಸೆರಗು ಸರಿಮಾಡಿಕೊಂಡು ಹೇಳಿದರು, “ನನಗ ಬಾಗಲಾ ಬೇಕು.”

‘ಬೇಕು’ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಮೌನೇಶಪ್ಪ ಮೊಳೆ ಕೀಳುವಾಗ ಎದ್ದ ಹಲಗೆಯ ಧೂಳನ್ನು ನೆಪ ಮಾಡಿಕೊಂಡೆ. ನಾವು ಫೋಟೋ ಎತ್ತಿಕೊಂಡು ಹೊರಗೆ ಬರುತ್ತಲೇ ಅತ್ತೆ ಎದ್ದು ಬಂದು, ತಾವೇ ಬಾಗಿಲು ಎಳೆದರು. ಗಡಗಡ ಎನ್ನುತ್ತ ಬಂದು ನಮ್ಮ ಮೂಗಿನ ಮುಂದೆ ಮುಚ್ಚಿಕೊಂಡಿತು. ಒಳಗೆ ಕೊಂಡಿ ಬಿದ್ದ ಸಪ್ಪಳವಾಯಿತು. ಮಾವ ನನ್ನ ತೋಳಿನಲ್ಲಿ ಹಾರ ಸಮೇತ ನಗುತ್ತಿದ್ದರು.

ಅಷ್ಟರಲ್ಲಿ ಶಾಂತಾ ಚಹಾದ ಲೋಟ ಹಿಡಿದು ಅಡುಗೆಮನೆಯಿಂದ ಬಂದಳು. ರೂಢಿಯಂತೆ ಸೀದಾ ಒಳಗೆ ಹೋಗಲು ಹೊರಟವಳು ಮುಚ್ಚಿದ ಬಾಗಿಲಿನ ಮುಂದೆ ನಿಂತಳು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೇಳಿರದ ಮಾತನ್ನು ಕೇಳಿದಳು: “ಅತ್ತೀ, ಒಳಗ ಬರ್ಲೇನ್ರಿ?”

ಜೀವಮಾನವೆಲ್ಲ ಬಂದವರಿಗೆ ಎದ್ದು ಜಾಗ ಬಿಟ್ಟ ಅತ್ತೆ ಒಳಗಿನಿಂದ ಹೇಳಿದರು, “ಸ್ವಲ್ಪ ತಡೀವಾ.”

ಚಹಾ ಆರುತ್ತಿತ್ತು. ಹೆಂಡತಿ, ಬಡಗಿ, ನಾನು, ನನ್ನ ತೋಳಿನಲ್ಲಿದ್ದ ಮಾವ, ನಾಲ್ವರೂ ಸುಮ್ಮನೆ ನಿಂತು ಕಾದೆವು.